ದಾಖಲೆಯೇ ಇಲ್ಲವಲ್ಲ, ದನಿ ಎಲ್ಲಿಂದ ತಂದಿರಿ?

ಪ್ರಶ್ನೆ: ಟ್ರಾನ್ಸ್‌ಜೆಂಡರ್ ಜನರ ಇತಿಹಾಸಕ್ಕೆ ದಾಖಲೆಗಳೇ ಇಲ್ಲವಂತೆ. ಮತ್ತೆ ಆರ್ಕೈವ್, ಸೌಂಡ್ ಆರ್ಟ್ ಅಂತ ಏನು ಕೇಳಿಸುತ್ತೀರಿ?

ಉತ್ತರ: ಇದನ್ನು ಎಷ್ಟು ಸಲ ಬರೆದೆನೋ ಲೆಕ್ಕ ತಪ್ಪಿದೆ. ದಾಖಲೆ ಇಲ್ಲ ಅನ್ನುವವರಲ್ಲಿ ಹುಡುಕಿ ನೋಡಿದವರು ಒಬ್ಬರೂ ನನಗೆ ಸಿಕ್ಕಿಲ್ಲ. ದಾಖಲೆ ರಾಶಿ ಇದೆ. ಬರೆದವರು ಪೊಲೀಸರು, ಅಷ್ಟೇ.

ಬ್ರಿಟಿಷರ 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯ ಎರಡನೇ ಭಾಗ ಈ ಸಮುದಾಯದವರಿಗೆಂದೇ ಬರೆದದ್ದು. ಹೆಸರು, ವಾಸಸ್ಥಳ ರಿಜಿಸ್ಟರಿಗೆ. ಪಟ್ಟಿಯಲ್ಲಿದ್ದವರು ಹೆಣ್ಣುಡುಗೆಯಲ್ಲಿ ಬೀದಿಗೆ ಬಂದರೆ, ಕುಣಿದರೆ, ವಾದ್ಯ ನುಡಿಸಿದರೆ ಎರಡು ವರ್ಷದವರೆಗೆ ಜೈಲು. ವಾದ್ಯ! ಗಮನಿಸಿ. "ಅದು ಉತ್ತರ ಭಾರತದ ಕಥೆ ಸಾರ್" ಅನ್ನುತ್ತೀರಿ. 1919ರಲ್ಲಿ ಹೈದರಾಬಾದ್ ಸಂಸ್ಥಾನವೂ ಇಂಥದ್ದೇ ಕಾನೂನು ಮಾಡಿತು; ಬೀದರ್, ಕಲಬುರಗಿ, ರಾಯಚೂರು ಆಗ ಅಲ್ಲೇ ಇದ್ದವು. "ನಿಜಾಮರ ಕಾಲ ಬಿಡಿ" ಅನ್ನುತ್ತೀರಿ. ಬಿಟ್ಟೆ. 2011ರಲ್ಲಿ ನಮ್ಮದೇ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಸೆಕ್ಷನ್ ಸೇರಿತು, ಮತ್ತದೇ ರಿಜಿಸ್ಟರು. ಸಮುದಾಯದವರು ಹೈಕೋರ್ಟಿಗೆ ಹೋದ ಮೇಲೆ, 2016ರಲ್ಲಿ, ಆ ಸೆಕ್ಷನ್ನಿನಿಂದ ಅವರನ್ನು ಹೆಸರಿಸುವ ಪದ ಹೋಯಿತು. ಇನ್ನೇನಾದರೂ ಉಳಿದಿದೆಯೇ?

ಪೊಲೀಸರ ಪುಸ್ತಕದಲ್ಲಿ ಯಾರು ಎಲ್ಲಿದ್ದರು ಅಂತಿದೆ, ಹೇಗೆ ನಗುತ್ತಿದ್ದರು ಅಂತಿಲ್ಲ. ಅದಕ್ಕೆ ಬೇರೆ ಪೆಟ್ಟಿಗೆ ತೆರೆಯಬೇಕು. ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆಯಲ್ಲಿರುವ 'ಕಮ್ರಾ' ಸಂಗ್ರಹದಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಚಳವಳಿಯವರೇ ಕೂಡಿಟ್ಟ ಟೇಪು, ಕಾಗದಗಳಿವೆ. ಸೌಂಡ್ ಆರ್ಟ್ ಅಂದರೆ ಸದ್ದನ್ನೇ ಕಲಾಕೃತಿ ಮಾಡುವುದು, ಹಿನ್ನೆಲೆಯಲ್ಲಿ ವೀಣೆ ಹಾಕುವುದಲ್ಲ. ಕಾಯ್ದೆಯ ಸಾಲನ್ನು ಒಂದು ಸ್ಪೀಕರಿನಲ್ಲಿ ಒಣದನಿಯಲ್ಲಿ ಓದಿಸಿ, ಎದುರಿನದರಲ್ಲಿ ಯಲ್ಲಮ್ಮನ ಸೇವೆಯ ಜೋಗತಿಯರು ನುಡಿಸುವ ಚೌಡಿಕೆ ಎಂಬ ತಂತಿವಾದ್ಯವನ್ನೋ, ಅಂಗೈ ಅಗಲಿಸಿ ತಟ್ಟುವ ಆ ಚಪ್ಪಾಳೆಯನ್ನೋ ಇಟ್ಟು ನೋಡಿ. ಮಧ್ಯೆ ನಿಂತವರಿಗೆ ನಾನೇನೂ ವಿವರಿಸಬೇಕಾಗುವುದಿಲ್ಲ.

ಹಳೆಯ ರೆಕಾರ್ಡಿಂಗಿನ ಗದ್ದಲ ತೆಗೆಯಬೇಕೇ? ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ: ಮೂಲ ಪ್ರತಿಯಲ್ಲಿ ಬೇಡವೇ ಬೇಡ. ಬೆಂಗಳೂರಿನಲ್ಲಿ ಹಿಜಡಾ ಸಮುದಾಯದವರು ಹಮಾಮು ನಡೆಸುತ್ತಿದ್ದರು, ದುಡ್ಡು ಕೊಟ್ಟು ಬಿಸಿನೀರು ಸ್ನಾನ ಮಾಡುವ ಜಾಗ. ಅಂಥಲ್ಲಿ ಕೂತು ಒಬ್ಬರು ಮಾತಾಡಿದ ಟೇಪು ನಿಮ್ಮ ಕೈಗೆ ಬಂತೆನ್ನಿ. ಚೊಂಬಿನ ಸದ್ದು, ಹೊರಗಿನ ಆಟೋ, ಯಾರೋ "ಅಮ್ಮಾ, ಸೋಪು" ಅಂದದ್ದನ್ನೆಲ್ಲ ಸಾಫ್ಟ್‌ವೇರಿನಲ್ಲಿ ತೊಳೆದರೆ ಸ್ಟುಡಿಯೋದಲ್ಲಿ ಕೂತು ಹೇಳಿದ ಹಾಗಾಗುತ್ತದೆ. ಜಾಗವೇ ಮಾಯ. ಪ್ರತಿ ಮಾಡಿಕೊಂಡು ಅದರ ಮೇಲೆ ಏನು ಬೇಕಾದರೂ ಆಟ ಆಡಿ, ಹೇಳಿದವರು ಒಪ್ಪಿದ್ದರೆ ಮಾತ್ರ.

ಮನೆಯಲ್ಲಿ ಹಳೇ ಕ್ಯಾಸೆಟ್ ಇರುವವರು ಪ್ಲೇಯರಿಗೆ ಹಾಕುವ ಮುಂಚೆ ಮೇಲಂಚಿನ ಎರಡು ಪ್ಲಾಸ್ಟಿಕ್ ಚೂರು ಮುರಿದುಬಿಡಿ. ಕೈತಪ್ಪಿ ರೆಕಾರ್ಡ್ ಬಟನ್ ಒತ್ತಿದರೂ ಅದು ಒಳಗೆ ಹೋಗುವುದಿಲ್ಲ.