ಮೂಗನ್ನು ಬಿಡಿ, ತುಟಿ ಎತ್ತಿ ನೋಡಿ

ಪ್ರಶ್ನೆ: ನಮ್ಮ ನಾಯಿ ನಿನ್ನೆ ಮಧ್ಯಾಹ್ನದಿಂದ ಅನ್ನ ಮುಟ್ಟಿಲ್ಲ, ಮಂಕಾಗಿ ಮಲಗಿದೆ. ಆದರೆ ಮೂಗು ತಣ್ಣಗೆ, ಒದ್ದೆಯಾಗಿಯೇ ಇದೆ. ರಾತ್ರಿಯೇ ಡಾಕ್ಟರರ ಬಳಿಗೆ ಹೋಗಬೇಕೇ, ಬೆಳಗಿನವರೆಗೆ ಕಾಯಬಹುದೇ?

ಉತ್ತರ: ಸುರತ್ಕಲ್ಲಿನಿಂದ ಬೈಂದೂರಿನವರೆಗೆ ಯಾರೇ ಕೇಳಲಿ, ನಾಯಿಯ ತಳಿ, ವಯಸ್ಸು ಬದಲಾಗುತ್ತದೆಯೇ ಹೊರತು "ಆದರೆ ಮೂಗು" ಎಂಬ ಮಾತು ಬದಲಾಗುವುದಿಲ್ಲ. ಹಾಗಾಗಿ ಮೊದಲು ಈ ಮೂಗಿನ ವಿಚಾರವನ್ನೇ ಮುಗಿಸಿಬಿಡೋಣ.

ಮೂಗಿನ ತೇವಕ್ಕೂ ಆರೋಗ್ಯಕ್ಕೂ ನೀವು ನಂಬಿರುವಂಥ ಸಂಬಂಧವಿಲ್ಲ. ಒಳಗಿನಿಂದ ಜಿನುಗುವ ತೆಳು ಲೋಳೆಯಿಂದಲೂ, ನಾಯಿ ಅದನ್ನು ಆಗಾಗ ನೆಕ್ಕಿಕೊಳ್ಳುವುದರಿಂದಲೂ ಮೂಗು ಒದ್ದೆಯಾಗಿರುತ್ತದೆ. ನಿದ್ದೆಯಲ್ಲಿ ನೆಕ್ಕುವುದಿಲ್ಲವಾದ್ದರಿಂದ ಒಣಗುತ್ತದೆ, ಫ್ಯಾನಿನ ಕೆಳಗೆ ಮಲಗಿದರೂ ಒಣಗುತ್ತದೆ, ಮುದಿ ನಾಯಿಗಳಲ್ಲಂತೂ ಎಷ್ಟೋ ಸಲ ವರ್ಷವಿಡೀ ಒಣಗಿಯೇ ಇರುತ್ತದೆ. ಆಷಾಢದಲ್ಲಿ ಡಬ್ಬದೊಳಗಿನ ಹಪ್ಪಳವೂ ಮೆತ್ತಗಾಗುವ ನಮ್ಮ ಕರಾವಳಿಯಲ್ಲಿ ಮೂಗೊಂದು ಒದ್ದೆಯಾಗಿದ್ದರೆ ಅದರಲ್ಲಿ ಏನು ವಿಶೇಷ? ಇನ್ನು ಹಣೆ ಮುಟ್ಟಿ ಜ್ವರ ಹೇಳುವವರಿದ್ದಾರೆ. ನಾಯಿಯ ಸಹಜ ತಾಪಮಾನವೇ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುವಾಗ ನಮ್ಮ ಕೈಗೆ ಅದು ಸದಾ ಬೆಚ್ಚಗೇ ತೋರುತ್ತದೆ. ನಿಜವಾದ ಅಳತೆಗೆ ಗುದದ್ವಾರದಲ್ಲಿಡುವ ಥರ್ಮಾಮೀಟರ್ ಬೇಕು. ಅದಕ್ಕಿಂತ ಮುಖ್ಯವಾಗಿ, ಸಾವಿನ ಅಂಚಿಗೆ ಬಂದ ಪ್ರಾಣಿಗೆ ಜ್ವರವಿರಲೇಬೇಕೆಂದಿಲ್ಲ. ರಕ್ತಸಂಚಾರ ಕುಸಿದಾಗ ಮೈ ಸಹಜಕ್ಕಿಂತಲೂ ತಣ್ಣಗಾಗುತ್ತದೆ.

ಕೆಲವು ಮಳೆಗಾಲಗಳ ಹಿಂದೆ ಮಲ್ಪೆಯ ಕಡೆಯಿಂದ ಒಂದು ನಾಯಿಯನ್ನು ಗೋಣಿಯಲ್ಲಿ ಸುತ್ತಿ ರಿಕ್ಷಾದಲ್ಲಿ ತಂದಿದ್ದರು. ಮನೆಯವರು ಮೂರು ದಿನ ಮೂಗು ಮುಟ್ಟಿ ಮುಟ್ಟಿ ಸಮಾಧಾನಪಟ್ಟುಕೊಂಡಿದ್ದರು. ನಾನೂ ಮುಟ್ಟಿದೆ, ತಣ್ಣಗೇ ಇತ್ತು. ತುಟಿ ಎತ್ತಿದರೆ ಒಸಡು ಬೊಂಡದ ತಿರುಳಿನಂತೆ ಬಿಳಿಚಿತ್ತು. ಕಿವಿಯ ಮಡಿಕೆಯಲ್ಲಿ ಉಣ್ಣಿಗಳು ಹರಳುಬೀಜಗಳಂತೆ ಊದಿಕೊಂಡು ಸಾಲಾಗಿ ಕಚ್ಚಿಕೊಂಡಿದ್ದವು. ಗೋಣಿಯ ಮೇಲೆ ಹೋದ ಮೂತ್ರಕ್ಕೆ ಕಡು ಚಹಾದ ಬಣ್ಣವಿತ್ತು. ಉಣ್ಣಿಯಿಂದ ಬರುವ ಬೇಬೀಸಿಯಾ ರೋಗ ಕೆಂಪು ರಕ್ತಕಣಗಳನ್ನು ಒಡೆಯುತ್ತಾ ಹೋಗಿತ್ತು. ಬೇರೊಂದು ನಾಯಿಯ ರಕ್ತ ಕೊಟ್ಟು ಉಳಿಸಿಕೊಂಡೆವು.

ಆದ್ದರಿಂದ ತುಟಿ ಎತ್ತಿ. ಒಸಡು ನಸುಗೆಂಪಾಗಿರಬೇಕು. ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಯಾದ ಜಾಗಕ್ಕೆ 2 ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಬಿಳಿ, ನೀಲಿ, ಹಳದಿ ಅಥವಾ ಇಟ್ಟಿಗೆಗೆಂಪು ಕಂಡರೆ ಗಡಿಯಾರ ನೋಡದೆ ಹೊರಡಿ. ಊರ ನಾಯಿಗಳಲ್ಲಿ ಒಸಡೇ ಕಪ್ಪಗಿರುವುದುಂಟು. ಆಗ ಕೆಳರೆಪ್ಪೆಯ ಒಳಭಾಗವನ್ನು ನೋಡಿ. ಕಚ್ಚುವ ಸ್ಥಿತಿಯಲ್ಲಿದ್ದರೆ, ಅಥವಾ ವರ್ತನೆ ವಿಚಿತ್ರವಾಗಿದ್ದು ಜೊಲ್ಲು ಸುರಿಯುತ್ತಿದ್ದರೆ ಬಾಯಿಗೆ ಕೈ ಹಾಕಬೇಡಿ, ರೇಬೀಸ್ ತಮಾಷೆಯಲ್ಲ.

ಉಳಿದ ಲಕ್ಷಣಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹೊಟ್ಟೆ ಉಬ್ಬಿ, ಏನೂ ಹೊರಬರದೆ ಓಕರಿಸುವ ದೊಡ್ಡ ನಾಯಿ, 5 ನಿಮಿಷ ದಾಟಿದ ಅಥವಾ ಮರುಕಳಿಸಿದ ಫಿಟ್ಸ್, ಬಾಯಿ ತೆರೆದು ಏದುಸಿರು ಬಿಡುವ ಬೆಕ್ಕು, ಹಾವು ಕಡಿತದ ಶಂಕೆ, ಹೆದ್ದಾರಿಯಲ್ಲಿ ವಾಹನ ತಾಗಿಯೂ ಎದ್ದು ನಡೆದು ಬಂದ ನಾಯಿ, ಇವೆಲ್ಲ ರಾತ್ರಿಯೇ ತರಬೇಕಾದವು. ಗಂಡು ಬೆಕ್ಕಿನ ಬಗ್ಗೆ ಮಾತ್ರ ಪ್ರತ್ಯೇಕವಾಗಿ ಹೇಳಬೇಕು. ಅದು ಮತ್ತೆ ಮತ್ತೆ ಕುಳಿತು ತಿಣುಕಿದರೆ ಮಲಬದ್ಧತೆಯೆಂದು ತಿಳಿದು ಹರಳೆಣ್ಣೆ ಕುಡಿಸುತ್ತಾರೆ. ಬಹುಪಾಲು ಸಲ ಕಟ್ಟಿರುವುದು ಮೂತ್ರ. ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಲ್ಲಲು ಒಂದೆರಡು ದಿನ ಸಾಕು.

ನಿಮ್ಮ ನಾಯಿಯ ಒಸಡು ನಸುಗೆಂಪಾಗಿದ್ದು, ಉಸಿರು ಶಾಂತವಾಗಿದ್ದು, ವಾಂತಿಯಿಲ್ಲದೆ ನೀರು ಕುಡಿದು, ಕರೆದರೆ ಎದ್ದು ನಿಂತರೆ ಬೆಳಿಗ್ಗೆ ಮೊದಲ ಸರದಿಗೆ ಬನ್ನಿ. ಇವುಗಳಲ್ಲಿ ಒಂದು ತಪ್ಪಿದರೂ ಈಗಲೇ ಫೋನ್ ಮಾಡಿ, ಬಾಗಿಲು ತೆರೆದಿದೆಯೆಂದು ಖಚಿತಪಡಿಸಿಕೊಂಡು ಹೊರಡಿ.

ನೀವು ಕೇಳದಿದ್ದರೂ ಇನ್ನೊಂದು ಪ್ರಶ್ನೆಗೆ ಉತ್ತರ ಹೇಳಿಬಿಡುತ್ತೇನೆ, ಏಕೆಂದರೆ ಬೆಳಗಿನವರೆಗೆ ಕಾಯುವವರು ಮಾಡುವ ಕೆಲಸವೇ ಅದು: ಅರ್ಧ ಜ್ವರದ ಮಾತ್ರೆ ಕೊಡಬಹುದೇ? ಬೆಕ್ಕಿಗೆ ಪ್ಯಾರಾಸಿಟಮಾಲ್ ವಿಷ. ಅದನ್ನು ಅರಗಿಸುವ ಕಿಣ್ವದ ಸಾಮರ್ಥ್ಯ ಬೆಕ್ಕಿನ ಯಕೃತ್ತಿಗೆ ತೀರಾ ಕಡಿಮೆ. ರಕ್ತ ಆಮ್ಲಜನಕ ಹೊರಲಾರದೆ ಒಸಡು ಕಂದಾಗುತ್ತದೆ. ಮನುಷ್ಯರ ಒಂದೇ ಮಾತ್ರೆಗೆ ಬೆಕ್ಕು ಸಾಯಬಹುದು. ನಾಯಿಗೆ ಐಬುಪ್ರೊಫೇನ್ ಕೊಟ್ಟರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡ ಕೆಡುತ್ತದೆ. ಈಗಾಗಲೇ ಕೊಟ್ಟಿದ್ದರೆ ನನ್ನ ಬೈಗುಳಕ್ಕೆ ಹೆದರಿ ಮುಚ್ಚಿಡಬೇಡಿ. ಪ್ಯಾರಾಸಿಟಮಾಲ್‌ಗೆ ಪ್ರತಿವಿಷವಿದೆ, ಬೇಗ ಕೊಟ್ಟಷ್ಟೂ ಒಳ್ಳೆಯದು. ಬರುವಾಗ ಮಾತ್ರೆಯ ಪಟ್ಟಿಯನ್ನು ಕಿಸೆಯಲ್ಲಿ ಹಾಕಿಕೊಂಡು ಬನ್ನಿ. ಅದರಲ್ಲಿ ಎಷ್ಟು ಉಳಿದಿವೆಯೆಂದು ನಾನು ಎಣಿಸಬೇಕು.