ಎದೆಬಡಿತ ಮೊದಲೋ, ಭಯ ಮೊದಲೋ?

ಎದೆ ಝಲ್ಲೆಂದಿತು, ಕೈಕಾಲು ತಣ್ಣಗಾದವು, ಹೊಟ್ಟೆ ತೊಳಸಿತು, ಜೀವ ಬಾಯಿಗೆ ಬಂತು. ಹೆದರಿಕೆಗೆ ನಮ್ಮ ನುಡಿಯಲ್ಲಿರುವ ಮಾತುಗಳೆಲ್ಲ ಹೆಚ್ಚುಕಡಿಮೆ ಮೈಗೆ ಸೇರಿದವು. ಆದರೂ ಆತಂಕದಿಂದ ಒದ್ದಾಡುವವರಿಗೆ ನಾವು ಹೇಳುವುದು ಮಾತ್ರ, ‘ಸುಮ್ಮನೆ ಏನೇನೋ ಯೋಚನೆ ಮಾಡಬೇಡ’ ಎಂದೇ. ಅಷ್ಟು ಹೊತ್ತಿಗೆ ಅವರ ಮೈ ಓಡಲು ಸಜ್ಜಾಗಿ ನಿಂತಿರುತ್ತದೆ. ಮೈಯನ್ನು ಹಾಗೇ ಬಿಟ್ಟು ತಲೆಯೊಂದಕ್ಕೇ ಸಮಾಧಾನ ಹೇಳಿದರೆ ಅದು ಕೇಳುವುದು ಕಷ್ಟ.

1884ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್, ಎಲ್ಲರೂ ನಂಬಿದ್ದ ಕ್ರಮವನ್ನೇ ತಿರುಗಿಸಿ ಹೇಳಿದರು: ಹೆದರಿದ್ದರಿಂದ ನಡುಕವಲ್ಲ, ಮೈಯ ನಡುಕ ಅರಿವಿಗೆ ಬಂದಾಗ ಅದೇ ಹೆದರಿಕೆ. ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ ಇದನ್ನು ಒಪ್ಪಲಿಲ್ಲ. ಸಿಟ್ಟು ಬಂದರೂ ಭಯವಾದರೂ ಎದೆ ಬಡಿದುಕೊಳ್ಳುತ್ತದಲ್ಲ, ಹಾಗಾದರೆ ಯಾವುದು ಯಾವುದೆಂದು ತಿಳಿಯುವುದು ಹೇಗೆ ಎನ್ನುವುದು ಅವರ ತಕರಾರು. ವಾದ ದಶಕಗಟ್ಟಲೆ ನಡೆಯಿತು.

2023ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಇಲಿಗಳ ಹೃದಯದ ಸ್ನಾಯುವಿನಲ್ಲಿ ಬೆಳಕಿಗೆ ಸ್ಪಂದಿಸುವ ಪ್ರೋಟೀನ್ ಬರುವಂತೆ ಮಾಡಿ, ಹೊರಗಿನಿಂದ ಬೆಳಕು ಮಿನುಗಿಸಿ ಬಡಿತವನ್ನು ನಿಮಿಷಕ್ಕೆ 900ಕ್ಕೆ ಏರಿಸಿದರು. ತೆರೆದ, ಅಪಾಯವಿರಬಹುದಾದ ಜಾಗದಲ್ಲಿ ಆ ಇಲಿಗಳು ಉಳಿದವಕ್ಕಿಂತ ಹೆಚ್ಚು ಅಂಜಿದವು. ಮಿದುಳಿನಲ್ಲಿ ಒಳಾಂಗಗಳ ಸುದ್ದಿ ಕೇಳಿಸಿಕೊಳ್ಳುವ ಇನ್ಸುಲಾ ಎಂಬ ಭಾಗವನ್ನು ಅಡಗಿಸಿದಾಗ ಅಂಜಿಕೆ ತಗ್ಗಿತು. ಬರೀ ಎದೆಬಡಿತ ಭಯವನ್ನು ಹುಟ್ಟಿಸಿತು ಎನ್ನಲಾಗದು, ಸನ್ನಿವೇಶವೂ ಜೊತೆಗಿತ್ತು. ಆದರೆ ಸುದ್ದಿ ಕೆಳಗಿನಿಂದ ಮೇಲಕ್ಕೂ ಹೋಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ನಾನು ಓದಿಲ್ಲ. ಮಿದುಳನ್ನು ಹೃದಯ, ಶ್ವಾಸಕೋಶ, ಕರುಳಿಗೆ ಜೋಡಿಸುವ ವೇಗಸ್ ನರದ ಎಳೆಗಳಲ್ಲಿ ಸುಮಾರು ಶೇ 80ರಷ್ಟು ಮೇಲ್ಮುಖವಾಗಿ ಸುದ್ದಿ ಒಯ್ಯುವಂಥವು.

ಮೈಯ ಮೂಲಕ ಮನಸ್ಸನ್ನು ತಣಿಸಲು ನೋಡುವ ದೇಹಕೇಂದ್ರಿತ ಚಿಕಿತ್ಸೆಗಳು ಕೈಹಾಕುವುದು ಈ ದಾರಿಗೇ. ಅವುಗಳಲ್ಲಿ ಉಸಿರು ಎಲ್ಲಕ್ಕಿಂತ ಕೈಗೆಟುಕುವಂಥದ್ದು. ಉಸಿರು ಒಳಗೆಳೆದುಕೊಂಡಾಗ ಹೃದಯ ತುಸು ಚುರುಕಾಗುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ. ಹಾಗಾಗಿ ಬಿಡುವ ಉಸಿರನ್ನು ಉದ್ದ ಮಾಡುವುದರಲ್ಲಿ ಅರ್ಥವಿದೆ. ಗಾಬರಿಯಾದವರಿಗೆ ‘ಜೋರಾಗಿ ಉಸಿರು ತಗೋ’ ಎನ್ನುತ್ತೇವಲ್ಲ, ಅದು ತಿರುಗುಬಾಣವಾಗಬಹುದು. ಬೇಗಬೇಗ ಆಳವಾಗಿ ಉಸಿರಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಮಿದುಳಿನ ರಕ್ತನಾಳಗಳು ಕಿರಿದಾಗುತ್ತವೆ. ತಲೆ ತಿರುಗುತ್ತದೆ, ಬೆರಳ ತುದಿ ಜುಮುಜುಮು ಎನ್ನುತ್ತದೆ, ಉಸಿರೇ ಸಾಲದು ಅನಿಸುತ್ತದೆ. ಅದನ್ನು ಕಂಡು ಇನ್ನಷ್ಟು ಗಾಬರಿ, ಇನ್ನಷ್ಟು ಉಸಿರು. ಎಷ್ಟೋ ಪ್ಯಾನಿಕ್ ಅಟ್ಯಾಕ್‌ಗಳು ಬೆಳೆಯುವುದು ಈ ಸುಳಿಯಲ್ಲಿ.

ಸ್ನಾಯುಗಳದ್ದು ಹಳೆಯ ದಾರಿ. ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್‌ಸನ್ 1920ರ ದಶಕದಲ್ಲೇ ಇದನ್ನು ರೂಪಿಸಿದ್ದರು. ಮುಷ್ಟಿ ಬಿಗಿಹಿಡಿದು ಸಡಿಲ ಬಿಡುವುದು, ಹಾಗೇ ತೋಳು, ಭುಜ, ದವಡೆ. ಬಿಗಿತಕ್ಕೂ ಸಡಿಲಕ್ಕೂ ಇರುವ ವ್ಯತ್ಯಾಸವನ್ನು ಗುರುತಿಸುವುದೇ ಇಲ್ಲಿನ ಅಭ್ಯಾಸ. ದಿನವಿಡೀ ಹಲ್ಲು ಕಚ್ಚಿಕೊಂಡಿರುವವರಿಗೆ ಹಾಗೆ ಕಚ್ಚಿಕೊಂಡಿರುವುದೇ ಗೊತ್ತಿರುವುದಿಲ್ಲ.

ಈಚೆಗೆ ಹೆಚ್ಚು ಕೇಳಿಬರುವ ಹೆಸರು, ಹಳೆಯ ಆಘಾತಗಳಿಂದ ನರಳುವವರಿಗಾಗಿ ಅಮೆರಿಕದ ಚಿಕಿತ್ಸಕ ಪೀಟರ್ ಲೆವಿನ್ ರೂಪಿಸಿದ ‘ಸೊಮ್ಯಾಟಿಕ್ ಎಕ್ಸ್‌ಪೀರಿಯೆನ್ಸಿಂಗ್’. ಅಲ್ಲಿ ಚಿಕಿತ್ಸಕರು ‘ಏನಾಯಿತು?’ ಎನ್ನುವುದಕ್ಕಿಂತ ಹೆಚ್ಚಾಗಿ ‘ಈಗ ಅದು ಮೈಯಲ್ಲಿ ಎಲ್ಲಿ ಅನಿಸುತ್ತಿದೆ?’ ಎಂದು ಕೇಳುತ್ತಾರೆ. ಗಮನ ಎದೆಯ ಬಿಗಿತದ ಮೇಲೆ ತುಸು ಹೊತ್ತು ನಿಂತು, ನೆಲಕ್ಕೂರಿದ ಪಾದದಂಥ ಹಾಯಾದ ಜಾಗಕ್ಕೆ ಮರಳುತ್ತದೆ. ಇದರ ಬಗ್ಗೆ ನಡೆದಿರುವ ಅಧ್ಯಯನಗಳು ಕೆಲವೇ, ಹೆಚ್ಚಿನವು ಸಣ್ಣವು. ಹಳೆಯ ನೋವು ಸ್ನಾಯುವಿನೊಳಗೆ ಕೂತಿರುತ್ತದೆ ಎನ್ನುವ ಮಾತನ್ನು ನಾನು ಅಕ್ಷರಶಃ ಒಪ್ಪಲಾರೆ. ನೆನಪು ಇರುವುದು ನರವ್ಯೂಹದಲ್ಲಿ. ಸ್ನಾಯು ಅದಕ್ಕೆ ಸ್ಪಂದಿಸುತ್ತದೆ.

ಕೆಲವರಿಗೆ ಮೈ ಸಡಿಲ ಬಿಟ್ಟರೇ ಆತಂಕ ಹೆಚ್ಚುತ್ತದೆ. ಕಾವಲು ಬಿಟ್ಟಂತೆ ಅನಿಸುತ್ತದೆ ಅವರಿಗೆ. ಪ್ಯಾನಿಕ್ ಇರುವವರಿಗೆ ನೆರವಾಗುವ, ಒಳ್ಳೆಯ ಆಧಾರವಿರುವ ಇನ್ನೊಂದು ವಿಧಾನ ಪೂರ್ತಿ ವಿರುದ್ಧ ದಿಕ್ಕಿನದು. ಇಲ್ಲಿ ಮೈಯನ್ನು ತಣಿಸುವುದಿಲ್ಲ, ಬೇಕೆಂದೇ ಕೆದಕುತ್ತಾರೆ. ತಿರುಗುವ ಕುರ್ಚಿಯಲ್ಲಿ ಕೂರಿಸಿ ಗಿರಗಿರ ಸುತ್ತಿಸುತ್ತಾರೆ, ಕಿರಿದಾದ ಸ್ಟ್ರಾದಿಂದ ಉಸಿರಾಡಿಸುತ್ತಾರೆ, ನಿಂತಲ್ಲೇ ಓಡಿಸುತ್ತಾರೆ. ಹೃದಯದ ತೊಂದರೆ, ಥೈರಾಯ್ಡ್, ರಕ್ತಹೀನತೆಗಳಿಂದಲೂ ಎದೆ ಹೀಗೇ ಬಡಿದುಕೊಳ್ಳಬಹುದಾದ್ದರಿಂದ, ವೈದ್ಯರು ಅವನ್ನೆಲ್ಲ ನೋಡಿದ ಮೇಲೆಯೇ ಈ ಕೆಲಸ.

ಮೊದಮೊದಲು ಕುರ್ಚಿ ನಿಂತ ತಕ್ಷಣ ರೋಗಿ ಗೋಡೆ ಹಿಡಿದುಕೊಳ್ಳಬಹುದು. ದಿನಗಳೆದಂತೆ ತಲೆ ಅಷ್ಟೇ ತಿರುಗುತ್ತದೆ, ಎದೆ ಅಷ್ಟೇ ಬಡಿಯುತ್ತದೆ. ಆದರೆ ಸತ್ತೇಹೋದೆ ಅನ್ನಿಸುವುದಿಲ್ಲ. ಎದೆ ಬಡಿದೀತೆಂದು ಇಷ್ಟು ದಿನ ಲಿಫ್ಟ್ ಕಾಯುತ್ತಿದ್ದವರು ಮೆಟ್ಟಿಲ ಕಡೆ ಹೆಜ್ಜೆ ಹಾಕುವುದು ಆಗ.