ಕೀನ್ಯಾ: ಸರಕಿಲ್ಲದ ಬಿಲ್ಲು, ತುಂಬಿದ ಚೀಟಿ

ಕೀನ್ಯಾದ ಮೊದಲ ಭ್ರಷ್ಟಾಚಾರ ತಡೆ ಕಾನೂನು 1956ರದ್ದು, ಬ್ರಿಟಿಷರ ಕಾಲದ್ದು. ಸ್ವಾತಂತ್ರ್ಯದ ನಂತರ ಎರಡೂವರೆ ದಶಕ ಭೂಮಿ, ಲೈಸೆನ್ಸು, ನೌಕರಿಗಳ ಹಂಚಿಕೆಯದೇ ದೂರು. ಬೊಕ್ಕಸ ಬರಿದಾಗುವ ದಾರಿ ಕಾಗದದ ಮೇಲೆ ಸ್ಪಷ್ಟವಾಗಿ ಕಂಡದ್ದು 1990ರ ದಶಕದ ಗೋಲ್ಡನ್‌ಬರ್ಗ್ ಪ್ರಕರಣದಲ್ಲಿ. ಅದನ್ನು ಬಿಡಿಸಿ ನೋಡಿದರೆ ಮುಂದಿನ ಪ್ರಕರಣಗಳು ಅರ್ಥವಾಗುತ್ತವೆ.

ಆಗ ದೇಶದಲ್ಲಿ ಡಾಲರಿಗೆ ಬರ. ರಫ್ತು ಮಾಡಿದವರಿಗೆ ಸರಕಿನ ಬೆಲೆಯ ಶೇ. 20ರಷ್ಟನ್ನು ಸರ್ಕಾರವೇ ಕೊಡುವ ಕಾನೂನಿತ್ತು. ಚಿನ್ನ ಮತ್ತು ವಜ್ರದ ಆಭರಣ ರಫ್ತಿನ ಏಕಸ್ವಾಮ್ಯ ಪಡೆದ ಗೋಲ್ಡನ್‌ಬರ್ಗ್ ಎಂಬ ಒಂದೇ ಕಂಪನಿಗೆ ಅದು ಶೇ. 35 ಆಯಿತು. ಕೀನ್ಯಾದಲ್ಲಿ ಸಿಗುವ ಚಿನ್ನ ಅಲ್ಪ, ವಜ್ರದ ಗಣಿಯಂತೂ ಇಲ್ಲ. ಹಣ ಪಡೆಯಲು ಎರಡು ಮೊಹರು ಸಾಕಿತ್ತು: ಸರಕು ಹೋಯಿತು ಎಂದು ಕಸ್ಟಮ್ಸಿನದು, ವಿದೇಶಿ ಹಣ ಬಂತು ಎಂದು ಬ್ಯಾಂಕಿನದು. ಪೆಟ್ಟಿಗೆ ತೆರೆಯದೆ ಮೊದಲನೆಯದು ಬಿದ್ದರೆ, ಡಾಲರ್ ಎಲ್ಲಿಂದ ಬಂತೆಂದು ಕೇಳದೆ ಎರಡನೆಯದು ಬಿದ್ದರೆ, 100 ಶಿಲ್ಲಿಂಗಿನ ಬಿಲ್ಲಿಗೆ 35 ಶಿಲ್ಲಿಂಗ್ ಕೈಗೆ. ಇದರ ಜೊತೆಗೆ, ಸರಕು ಸಾಗಿಸುವ ಮೊದಲೇ ಸಿಗುವ ರಫ್ತು ಸಾಲವೂ ಇತ್ತು. ಸರಕಿನ ಬೆಂಬಲವಿಲ್ಲದ ಈ ಹಣ, 1992ರ ಚುನಾವಣೆಯ ಖರ್ಚು ಎಲ್ಲ ಸೇರಿ 1993ರಲ್ಲಿ ಬೆಲೆಗಳು ಶೇ. 40ಕ್ಕೂ ಮೀರಿ ಏರಿದವು. ಸಂಬಳದಲ್ಲಿ ಬದುಕುವವರು ಆ ನಷ್ಟವನ್ನು ಸಂತೆಯಲ್ಲಿ ಕಟ್ಟಿದರು.

ಈ ಕಾಗದಗಳನ್ನು ಹೊರಗೆ ತಂದದ್ದು ಸೆಂಟ್ರಲ್ ಬ್ಯಾಂಕಿನ ಗುಮಾಸ್ತ ಡೇವಿಡ್ ಮುನ್ಯಾಕೈ. ಬಂಧನವಾಯಿತು, ಕೆಲಸ ಹೋಯಿತು. ಆರೋಪ ಬಿದ್ದುಹೋದರೂ ಕೆಲಸ ಮರಳಲಿಲ್ಲ. ವಿಚಾರಣಾ ಆಯೋಗ ರಚನೆಯಾದದ್ದೇ 2003ರಲ್ಲಿ. 2006ರಲ್ಲಿ ಮುನ್ಯಾಕೈ ಬಡತನದಲ್ಲೇ ತೀರಿಕೊಂಡರು. ಇದಕ್ಕಿಂತ ದೊಡ್ಡ ಅನ್ಯಾಯ ಆ ಕಡತದಲ್ಲಿ ಇನ್ನೊಂದಿಲ್ಲ.

ಮುಂದಿನದು ಆಂಗ್ಲೋ ಲೀಸಿಂಗ್ ಎಂಬ ಕಂಪನಿಯ ಹೆಸರಿನ ಪ್ರಕರಣ. ಭದ್ರತೆಯ ಹೆಸರಿನ ಖರೀದಿಗೆ ಬಹಿರಂಗ ಟೆಂಡರ್ ಇರಲಿಲ್ಲ. ಸುಮಾರು 60 ಲಕ್ಷ ಯೂರೋಗೆ ಒಂದು ಸಂಸ್ಥೆ ಮಾಡಿಕೊಡುತ್ತೇನೆಂದಿದ್ದ ಪಾಸ್‌ಪೋರ್ಟ್ ವ್ಯವಸ್ಥೆ ಸುಮಾರು 3 ಕೋಟಿ ಯೂರೋಗೆ ಈ ಕಂಪನಿಯ ಪಾಲಾಯಿತು. ಇಂಥ ಒಪ್ಪಂದಗಳಲ್ಲಿ ಸರ್ಕಾರ ಪ್ರೋನೋಟು ಬರೆದುಕೊಟ್ಟಿತ್ತು. ಪ್ರೋನೋಟಿಗೆ ಸರಕು ಬಂತೋ ಇಲ್ಲವೋ ಬೇಕಿಲ್ಲ, ಹಿಡಿದವನಿಗೆ ಹಣ ಕೊಡಬೇಕು. ಹಾಗಾಗಿಯೇ 2014ರಲ್ಲಿ, ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಸಾಲ ಎತ್ತುವ ಮೊದಲು, ಕೀನ್ಯಾ ಸುಮಾರು 140 ಕೋಟಿ ಶಿಲ್ಲಿಂಗ್ ಕಟ್ಟಿತು.

ಭ್ರಷ್ಟಾಚಾರದ ಮೊದಲ ತನಿಖಾ ಪ್ರಾಧಿಕಾರವನ್ನು 2000ದ ಡಿಸೆಂಬರಿನಲ್ಲಿ ಹೈಕೋರ್ಟ್ ಅಸಾಂವಿಧಾನಿಕ ಎಂದಿತು. ಈಗಿನ ಭ್ರಷ್ಟಾಚಾರ ತಡೆ ಆಯೋಗ ತನಿಖೆ ಮಾಡುತ್ತದೆ, ಮೊಕದ್ದಮೆ ಹೂಡುವುದು ಬೇರೆ ಕಚೇರಿ. ಪಾವತಿ ಕಂಪ್ಯೂಟರಿಗೆ ಹೋದ ಮೇಲೂ 2015ರಲ್ಲಿ ರಾಷ್ಟ್ರೀಯ ಯುವಸೇವೆಯ ಖಾತೆಯಿಂದ 79.1 ಕೋಟಿ ಶಿಲ್ಲಿಂಗ್ ಹೋದ ಪ್ರಕರಣ ಹೊರಬಂತು. ಅಧಿಕಾರಿಗಳ ಪಾಸ್‌ವರ್ಡ್ ಬಳಕೆಯಾಗಿದ್ದವು. ಸರಕು ಬಂದಿದೆ ಎಂದು ಪ್ರಮಾಣಪತ್ರ ಕೊಡುವ ಸಮಿತಿಯನ್ನು ನೇಮಿಸುವುದು, 2015ರ ಖರೀದಿ ಕಾನೂನಿನಂತೆ, ಅದೇ ಸಂಸ್ಥೆಯ ಲೆಕ್ಕಕ್ಕೆ ಹೊಣೆಯಾದ ಅಧಿಕಾರಿಯೇ.